ಅಂಜಿನಮ್ಮನನ್ನು ಹಸು ಒದ್ದಿರಲಿಲ್ಲ

ಕೆಂಪಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ನಡೆಯುವ ಕೆಲಸ ಬರವಣಿಗೆಯದು. ಬಾಡಿಗೆ ಕರಾರು, ನಲ್ಲಿಯಲ್ಲಿ ನೀರಿಲ್ಲವೆಂಬ ಅರ್ಜಿ, ಗಾಡಿ ಕಳುವಾದ ದೂರು, ಏನೇ ಇರಲಿ, ಜನ ಬಾಯಲ್ಲಿ ಹೇಳುತ್ತಾರೆ, ನಾನು ಕಾಗದಕ್ಕಿಳಿಸುತ್ತೇನೆ. ಇಪ್ಪತ್ತೆರಡು ವರ್ಷ ಲಾಯರುಗಳಿಗೆ ಟೈಪು ಮಾಡಿಕೊಟ್ಟೂ ಕೊಟ್ಟೂ ಕಾನೂನು ಅಷ್ಟೋ ಇಷ್ಟೋ ತಲೆಗೆ ಹತ್ತಿದೆ. ಕೋಪ ಮಾತ್ರ ಯಾರೂ ಕಲಿಸಿದ್ದಲ್ಲ, ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ. “ಜ್ಯೋತಿಲಕ್ಷ್ಮಿ ಬರೆದ ಅರ್ಜಿ ಓದಿದ್ರೆ ಬೈಸ್ಕೊಂಡ ಹಾಗಾಗುತ್ತೆ” ಎಂದು ವಾರ್ಡ್ ಆಫೀಸಿನವರೇ ಹೇಳಿದ್ದಾರೆ.

ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ಒಂದು ಬೆಳಿಗ್ಗೆ ಷಟರ್ ಎತ್ತುತ್ತಿದ್ದೆ. ಅಂಜಿನಮ್ಮ ವಾಕರ್ ಊರಿಕೊಂಡು ಬಂದು ಮೆಟ್ಟಿಲ ಕೆಳಗೆ ನಿಂತರು. ಮುಖ ಕೆಂಡವಾಗಿತ್ತು.

“ಜ್ಯೋತಿ, ಒಂದು ಕಂಪ್ಲೇಂಟು ಬರ್ಕೊಡಮ್ಮ.”

“ಯಾರ ಮೇಲಮ್ಮ?”

“ಅದು ಆಮೇಲೆ. ಮೊದ್ಲು ಇದನ್ನ ಬರಿ. ನನ್ನ ಅಸು ನನ್ನ ಒದ್ದಿಲ್ಲ.”

ನನಗೆ ನಗು ಬಂತು. ಮೇ ತಿಂಗಳಲ್ಲಿ ಅಂಜಿನಮ್ಮನ ಕಾಲನ್ನು ಅವರ ಹಸು ಗಂಗೆ ಒದ್ದು ಮುರಿಯಿತು ಎನ್ನುವುದು ಇಡೀ ಕೆಂಪಾಪುರಕ್ಕೆ ಗೊತ್ತಿದ್ದ ಸಂಗತಿ. ನಾನೇ ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬಂದಿದ್ದೆ, ಆ ಹಸುವಿಗೆ ಎರಡು ಮಾತು ಬೈದೂ ಬಂದಿದ್ದೆ. ಅಂಜಿನಮ್ಮ ಸ್ಟೂಲಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೊದಲು ಅವರು ಯಾರೆಂದು ಹೇಳಬೇಕು. ಅಂಜಿನಮ್ಮನಿಗೆ ಅರವತ್ತೊಂದು ವರ್ಷ. ಹುಟ್ಟಿದ್ದೂ ಕೆಂಪಾಪುರ, ಮದುವೆಯಾಗಿ ಬಂದದ್ದೂ ಕೆಂಪಾಪುರ. ತವರುಮನೆಗೂ ಗಂಡನ ಮನೆಗೂ ನಾಲ್ಕು ಬೀದಿ ಅಂತರ. ಗಂಡ ಚಿಕ್ಕಮಾರಯ್ಯ ತೀರಿಕೊಂಡು ಎಂಟು ವರ್ಷವಾಯಿತು. ಹೊಲವೆಲ್ಲ ಎಂದೋ ಲೇಔಟ್ ಆಗಿ, ಮಗ ಸುಬ್ರಮಣಿ ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾನೆ. ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ. ಆದರೂ ಅಂಜಿನಮ್ಮ ಮನೆಯ ಹಿಂದೆ ಎರಡು ಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಹನ್ನೊಂದು ಮನೆಗೆ ನಡೆದೇ ಹಾಲು ಹಾಕುತ್ತಿದ್ದರು.

“ಬಾಡಿಗೆಯೋರು ನಗ್ತಾರಮ್ಮ” ಎಂದು ಸುಬ್ರಮಣಿ ಗೊಣಗಿದರೆ, “ನಗ್ಲಿ ಬಿಡೋ. ಕುಡಿಯೋದು ನನ್ನ ಆಲೇ ತಾನೆ” ಅನ್ನುತ್ತಿದ್ದರು. ಸ್ಕೂಟರಿನಲ್ಲಿ ಬಿಡುತ್ತೇನೆಂದರೂ ಒಪ್ಪುತ್ತಿರಲಿಲ್ಲ. ದಾರಿಯುದ್ದಕ್ಕೂ ಎಲ್ಲರನ್ನೂ ಮಾತಾಡಿಸಿಕೊಂಡು, ಕಾಲಿಗೆ ಸಿಕ್ಕಿದ ಹುಡುಗರಿಗೆಲ್ಲ ಬೈದುಕೊಂಡು ಹೋಗುವುದು ಅವರ ಖುಷಿ. ಅವರು ಬೈದರೆ ಆ ದಿನ ಸರಿಯಾಗಿ ಶುರುವಾಯಿತು ಅಂತ ನಮಗೂ ಅನಿಸುತ್ತಿತ್ತು.

ಆ ದಾರಿಯಲ್ಲೇ ಅವರ ತಮ್ಮ ಚಿಕ್ಕಬೈರಪ್ಪನ ಕಲ್ಯಾಣ ಮಂಟಪ. ಮುಖ್ಯರಸ್ತೆಗೆ ಮುಖ ಮಾಡಿದೆ, ಮುಂದೆ ಕಲ್ಲುಹಾಸಿನ ಫುಟ್‌ಪಾತ್. ಕರೆಂಟ್ ಹೋದರೆ ಮದುವೆ ನಿಲ್ಲಬಾರದೆಂದು ಚಿಕ್ಕಬೈರಪ್ಪ ಆಳೆತ್ತರದ ಹಸಿರು ಜನರೇಟರ್ ತರಿಸಿ, ಒಳಗೆ ಇಟ್ಟರೆ ಎರಡು ಕಾರಿನ ಜಾಗ ಹೋಗುತ್ತದೆಂದು ಅದನ್ನು ಫುಟ್‌ಪಾತಿನ ಮೇಲೆಯೇ ಕೂರಿಸಿಬಿಟ್ಟ. ಗೋಡೆಗೂ ಜನರೇಟರಿಗೂ ನಡುವೆ ಬೆಕ್ಕು ಕೂಡ ತೂರುವುದಿಲ್ಲ. ಅಲ್ಲಿಗೆ ಬಂದವರೆಲ್ಲ ರಸ್ತೆಗಿಳಿದು, ಬಸ್ಸು ಟೆಂಪೋಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ನಡೆದು ಮತ್ತೆ ಮೇಲೆ ಹತ್ತಬೇಕು. ಐದು ವರ್ಷ ನಾವೆಲ್ಲ ಹಾಗೆಯೇ ನಡೆದೆವು. ಇಷ್ಟು ಬಾಯಿರುವ ನಾನೂ ತುಟಿ ಪಿಟಕ್ಕೆನ್ನದೆ ನಡೆದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೇ ತಿಂಗಳ ಆ ಸಂಜೆ ಮಂಟಪದಲ್ಲಿ ಆರತಕ್ಷತೆ. ಅಂಜಿನಮ್ಮ ಕ್ಯಾನು ಹಿಡಿದು ಬಂದರು, ಜನರೇಟರ್ ಸುತ್ತಿಕೊಂಡು ಹೋಗಲು ರಸ್ತೆಗಿಳಿದರು. ಅದೇ ಹೊತ್ತಿಗೆ ಚಿಕ್ಕಬೈರಪ್ಪನ ಮಗ ನಿರಂಜನ್ ಫೋನ್ ಕಿವಿಗಿಟ್ಟುಕೊಂಡು, ಗೇಟಿನಿಂದ ದೊಡ್ಡ ಕಾರನ್ನು ರಿವರ್ಸ್ ತೆಗೆದು ಸೀದಾ ಅವರ ಮೇಲೆ ಬಿಟ್ಟ. ಎದುರಿನ ಪಂಕ್ಚರ್ ಅಂಗಡಿಯ ಜಮೀರ್ ಓಡಿಬಂದು ಕಾರಿನ ಹಿಂದಿನ ಗಾಜು ಬಡಿಯದೇ ಹೋಗಿದ್ದರೆ ಆ ಕಾರು ಇನ್ನೂ ಹಿಂದಕ್ಕೆ ಬರುತ್ತಿತ್ತು. ಹಾಲೆಲ್ಲ ರಸ್ತೆಪಾಲಾಯಿತು. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಆಸ್ಪತ್ರೆಗೆ ಹೋಗುವಾಗ ನಿರಂಜನ್ ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟನಂತೆ. “ಅತ್ತೆ, ಪ್ಲೀಸ್ ಅತ್ತೆ, ಪೊಲೀಸ್ ಕೇಸ್ ಆಗುತ್ತೆ. ನಾನ್ ನೋಡ್ಲೇ ಇಲ್ಲ, ಪ್ರಾಮಿಸ್.”

ಆಕ್ಸಿಡೆಂಟ್ ಎಂದರೆ ಡಾಕ್ಟರು ಪೊಲೀಸರಿಗೆ ತಿಳಿಸುತ್ತಾರೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೇ ಇಲ್ಲಿ ಯಾರ ಕೈಕಾಲು ಮುರಿದರೂ ಬಚ್ಚಲುಮನೆಯಲ್ಲಿ ಜಾರಿ ಬಿದ್ದೆ ಅನ್ನುತ್ತಾರೆ. ಕೆಂಪಾಪುರದ ಅರ್ಧ ಬಚ್ಚಲುಗಳಿಗೆ ಎರಡು ಚಕ್ರ, ಇನ್ನರ್ಧಕ್ಕೆ ನಾಲ್ಕು. ಅಂಜಿನಮ್ಮನಿಗೆ ಆ ನೋವಿನಲ್ಲಿ ಬಚ್ಚಲು ನೆನಪಾಗಲಿಲ್ಲ. ಹೇಗಾಯಿತೆಂದು ಡಾಕ್ಟರು ಕೇಳಿದಾಗ ಬಾಯಿಗೆ ಬಂದದ್ದು ಹಸು. “ಅಸು ಒದೀತು ಸ್ವಾಮಿ” ಅಂದರು. ಡಾಕ್ಟರು ಬರೆದುಕೊಂಡರು. ಊರಿಗೂ ಅದನ್ನೇ ಹೇಳಿ, ಜಮೀರ್‌ಗೂ ಬಾಯಿ ಬಿಡಬೇಡವೆಂದು ಹೇಳಿ ಕಳಿಸಿದರು. ತಮ್ಮನ ಮಗ ಉಳಿದ, ತವರಿನ ಮಾನ ಉಳಿಯಿತು ಎಂದುಕೊಂಡು ಹಲ್ಲು ಕಚ್ಚಿ ಮಲಗಿದರು.

ಆಪರೇಷನ್ ಆಗಿ ಒಂಬತ್ತನೇ ದಿನ ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಒಂದೇ ಹಸು. ಗಂಗೆ ಇಲ್ಲ.

ಸುಬ್ರಮಣಿ ಪಾಪ, ಅವ್ವನ ಮೇಲಿನ ಪ್ರೀತಿಗೇ ಅದನ್ನು ರಾಜಾನುಕುಂಟೆಯವರೊಬ್ಬರಿಗೆ ಮಾರಿಬಿಟ್ಟಿದ್ದ. “ಒದೆಯೋ ಹಸು ಇಟ್ಕೊಂಡು ಏನ್ ಮಾಡೋದಮ್ಮ? ಮೊದ್ಲು ಕಾಲು, ಆಮೇಲೆ ತಲೆ” ಅಂದ. ಅಂಜಿನಮ್ಮ ಮಂಚದ ಮೇಲೆ ಬಿದ್ದುಕೊಂಡು ಗೊಳೋ ಎಂದು ಅತ್ತು, ಆಗ ಮಗನಿಗೆ ನಿಜ ಹೇಳಿದರು. ಅವನು ಮೈ ಪರಚಿಕೊಂಡ. ಮಾರನೇ ದಿನವೇ ರಾಜಾನುಕುಂಟೆಗೆ ಓಡಿದರೆ ಕೊಂಡವನು ಹಸು ವಾಪಸ್ ಕೊಡಲಿಲ್ಲ. “ಇಂಥ ಸಾಧು ಹಸು ನನ್ ಜನ್ಮದಲ್ಲೇ ನೋಡಿಲ್ಲ ಕಣ್ರೀ. ನಮ್ ಮಗು ಹೊಟ್ಟೆ ಕೆಳಗೆ ನುಗ್ಗಿದ್ರೂ ಕಾಲು ಎತ್ತಲ್ಲ. ನಾನ್ಯಾಕೆ ಕೊಡ್ಲಿ?” ಎಂದನಂತೆ.

ಇಷ್ಟಾದರೂ ಅಂಜಿನಮ್ಮ ಪೊಲೀಸ್ ಸ್ಟೇಷನ್ ಕಡೆ ತಲೆ ಹಾಕಲಿಲ್ಲ. ಮೂರು ತಿಂಗಳು ಮಲಗಿ ಎದ್ದು, ವಾಕರ್ ಹಿಡಿದು ನಡೆಯುವಂತಾದ ಮೇಲೆ ತಮ್ಮನ ಮನೆಗೆ ಹೋಗಿ ಒಂದೇ ಒಂದು ಮಾತು ಕೇಳಿದರು.

“ಬೈರಾ, ಆ ಜನರೇಟ್ರು ಅಲ್ಲಿಂದ ಎತ್ತಿಸ್ಬಿಡಪ್ಪ. ನಾನು ಬಿದ್ದಿದ್ದು ಆಯ್ತು. ನಾಳೆ ಇನ್ಯಾರೋ ಬೀಳ್ತಾರೆ.”

ಚಿಕ್ಕಬೈರಪ್ಪ ಕಾಫಿ ಲೋಟ ಕೆಳಗಿಡಲೂ ಇಲ್ಲ. “ನನ್ ಜನರೇಟರ್ ಏನಕ್ಕ ಮಾಡ್ತು? ಊರೋರೆಲ್ಲ ಸುತ್ತಾಕ್ಕೊಂಡು ಹೋಗ್ತಿಲ್ವಾ? ರೋಡಲ್ಲಿ ಅಡ್ಡ ಬಂದೋಳು ನೀನು. ಆಸ್ಪತ್ರೆ ಬಿಲ್ ನಾನೇ ಕಟ್ಟಿದೀನಿ, ಇನ್ನೇನ್ ಬೇಕು? ನನ್ ಮಗ ಮೂರ್ ದಿನ ಊಟ ಮಾಡಿಲ್ಲ ಗೊತ್ತಾ?”

ಅಡ್ಡ ಬಂದೋಳು ನೀನು! ಆ ಮಾತು ಅವರಿಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲವಂತೆ. ಬೆಳಗಾಗುತ್ತಲೇ ನನ್ನ ಅಂಗಡಿಗೆ ಬಂದರು.

“ಅವನ ಮಾನಕ್ಕೆ ಅಂತ ಮೂಕ ಪ್ರಾಣಿ ಮೇಲೆ ಆಕ್ದೆ ಕಣಮ್ಮ. ಈಗ ನನ್ನ ಮೇಲೇ ಆಕ್ತವ್ನೆ. ಅದೊಂದು ಎತ್ಸು ಅಂದ್ರೆ ಎತ್ಸಿಲ್ಲ. ನಾನು ಅಡ್ಡ ಬಂದಿಲ್ಲ, ಅವನ ಡಬ್ಬ ಅಡ್ಡ ಬಂದೈತೆ. ಅಂಗೇ ಬರಿ.”

ಹಾಗೆಯೇ ಬರೆದೆ. ಎರಡು ಪುಟ. ಮೊದಲ ಪುಟದಲ್ಲಿ ಜನರೇಟರ್, ಕಾರು, ಕಾಲು. ಎರಡನೇ ಪುಟದಲ್ಲಿ ದೂರು ಯಾಕೆ ತಡವಾಯಿತು, ಹಸುವಿನ ಸುಳ್ಳು ಯಾರು ಹೇಳಿದರು, ಯಾಕೆ ಹೇಳಿದರು. ಅದೇ ಬೇಸಿಗೆಯಲ್ಲಿ ಒಬ್ಬ ಲಾಯರಿಗೆ ಟೈಪು ಮಾಡುವಾಗ ಓದಿದ್ದೆ, ಅಡ್ಡಿಯಿಲ್ಲದ ಫುಟ್‌ಪಾತ್ ಮೇಲೆ ನಡೆಯುವುದು ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟು ಹೇಳಿದೆ ಅಂತ. ಅದನ್ನೂ ಸೇರಿಸಿದೆ. ಓದಿ ಹೇಳಿದಾಗ ಅಂಜಿನಮ್ಮ, “ಕೋರ್ಟೋರು ಏಳ್ಬೇಕಾ ಇದನ್ನ? ನಡೆಯೋದಕ್ಕಲ್ದೆ ಕಲ್ಲು ಯಾಕೆ ಆಕಿರೋದು?” ಎಂದು ಹೆಬ್ಬೆಟ್ಟು ಒತ್ತಿದರು.

ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಮುರುಗೇಶ್ ದೂರನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ, ಆದರೆ ಬೇಡದ ತಲೆನೋವು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

“ಅಮ್ಮ, ಆಸ್ಪತ್ರೆ ದಾಖಲೆಯಲ್ಲಿ ಹಸು ಅಂತಿದೆ. ಈಗ ಕಾರು ಅಂತೀರ. ನಾನು ಯಾವುದನ್ನ ನಂಬಲಿ?”

“ಅಲ್ಲಿ ಸುಳ್ಳಾಡಿದೋಳೂ ನಾನೇ ಸ್ವಾಮಿ, ಇಲ್ಲಿ ನಿಜ ಆಡ್ತಿರೋಳೂ ನಾನೇ. ಸುಳ್ಳಾಡಿದ್ದು ತಪ್ಪು ಅಂದ್ರೆ ಅದಕ್ಕೇನು ಶಿಕ್ಷೆ ಐತೋ ಕೊಡಿ. ಆದ್ರೆ ಇದನ್ನ ಬಿಡ್ಬೇಡಿ.”

“ಮನೆಯವರೇ ಅಲ್ವಾ, ಕೂತು ರಾಜಿ ಮಾಡ್ಕೋಬಹುದಲ್ಲ?”

ನನಗೆ ತಡೆಯಲಾಗಲಿಲ್ಲ. “ಸರ್, ಗಾಡಿ ಗುದ್ದಿದೆ, ಮೂಳೆ ಮುರಿದಿದೆ, ನೋಡಿದ ಜಮೀರ್ ಹೊರಗೆ ನಿಂತಿದಾರೆ. ಕಂಪ್ಲೇಂಟ್ ತಗೊಳ್ಳೋದು ಬಿಡೋದು ನಿಮ್ಮಿಷ್ಟ ಅಲ್ಲ, ತಗೊಳ್ಳಲೇಬೇಕು. ತಡ ಯಾಕಾಯ್ತು ಅಂತ ಎರಡನೇ ಪುಟದಲ್ಲಿ ಬರ್ದಿದೀನಿ” ಅಂದೆ. ಸ್ವಲ್ಪ ಜೋರಾಗಿಯೇ ಅಂದೆನೇನೋ, ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು. ಮುರುಗೇಶ್ ನನ್ನನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಎಫ್‌ಐಆರ್ ಮಾಡಿದರು. ಅದರ ಪ್ರತಿಯನ್ನು ಮಡಚಿ ಅಂಜಿನಮ್ಮ ರವಿಕೆಯೊಳಗೆ ಇಟ್ಟುಕೊಂಡರು.

ಸಂಜೆಯೊಳಗೆ ಊರೆಲ್ಲ ಸುದ್ದಿ. ಹೆಣ್ಣುಮಗಳು ತವರಿನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟಳು! ಗಂಡ ಹೊಡೆದರೆ ತವರಿಗೆ ಓಡಿ ಬರುವುದುಂಟು, ತವರಿನ ಮೇಲೆಯೇ ದೂರು ಕೊಡುವುದೆಂದರೆ ನಮ್ಮ ಹಳೇ ಮನೆತನಗಳಲ್ಲಿ ಕೇಳರಿಯದ ಮಾತು. ಗೌರಿ ಹಬ್ಬಕ್ಕೆ ಐದೇ ದಿನ ಬಾಕಿ. ಹಬ್ಬಕ್ಕೆ ಮುಂಚೆ ತವರಿನವರು ಹೆಣ್ಣುಮಕ್ಕಳ ಮನೆಗೆ ಬಾಗಿನ ತರಬೇಕು. ಮೊರ, ಸೀರೆ, ಅರಿಸಿನ ಕುಂಕುಮ, ಬಳೆ. ಮೂವತ್ತೊಂಬತ್ತು ವರ್ಷದಿಂದ ಅಂಜಿನಮ್ಮನಿಗೆ ಒಂದು ವರ್ಷವೂ ತಪ್ಪಿರಲಿಲ್ಲ. ಗಂಡ ತೀರಿಕೊಂಡ ವರ್ಷವೂ, ಬಳೆ ಕುಂಕುಮ ಬಿಟ್ಟು ಸೀರೆಯನ್ನಾದರೂ ತಮ್ಮ ತಂದಿದ್ದ.

ಮಾರನೇ ದಿನ ಚಿಕ್ಕಬೈರಪ್ಪ ಅಕ್ಕನ ಮನೆಗೆ ಬಂದ. ಕೈಯಲ್ಲಿ ಏನೂ ಇರಲಿಲ್ಲ. ನಾನು ಅಲ್ಲಿಯೇ ಇದ್ದೆ, ಎದ್ದು ಹೋಗುವಷ್ಟು ಮರ್ಯಾದೆ ನನಗೆ ಆ ದಿನ ಬರಲಿಲ್ಲ.

“ಅಕ್ಕ, ಹಬ್ಬ ಬಂತು. ನಾನು ಸೀರೆ ತರಬೇಕೋ ಬೇಡ್ವೋ ಅಂತ ನೀನೇ ಹೇಳ್ಬಿಡು.”

“ಜನರೇಟ್ರು ಎತ್ತಿಸ್ತೀಯಾ?”

“ನೀನು ಕೇಸ್ ವಾಪಸ್ ತಗೋ, ಆಮೇಲೆ ನೋಡೋಣ.”

“ಮೊದ್ಲು ಕೇಳ್ದಾಗ ಕೇಸು ಇರ್ಲಿಲ್ವಲ್ಲಪ್ಪ. ಆವಾಗ ಯಾಕೆ ನೋಡ್ಲಿಲ್ಲ?”

ಚಿಕ್ಕಬೈರಪ್ಪ ಅಂಗಳದಲ್ಲೇ ನಿಂತು, “ನನ್ ಮಗನ್ನ ಸ್ಟೇಷನ್ ಮೆಟ್ಟಿಲು ಹತ್ತಿಸಿದವಳಿಗೆ ನನ್ ಮನೆ ಮೆಟ್ಟಿಲು ಇಲ್ಲ. ಯೋಚ್ನೆ ಮಾಡು” ಎಂದು ಹೋದ. ಅವನು ಬೀದಿ ತಿರುಗಿದ ಮೇಲೆ ಅಂಜಿನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. “ಅಪ್ಪ ಸತ್ತಾಗ ಇವನಿಗೆ ಅನ್ನೆರಡು ವರ್ಸ ಕಣೇ. ನಾನೇ ಸ್ಕೂಲಿಗೆ ಬಿಟ್ಟು ಬರ್ತಿದ್ದೆ” ಅಂದರು. ನಾನು ಅವರ ಕೈ ಹಿಡಿದುಕೊಂಡೆ. “ಬೇಕಾದ್ರೆ ವಾಪಸ್ ತಗೊಳ್ಳೋಣಮ್ಮ, ಯಾರೂ ಏನೂ ಅನ್ನಲ್ಲ” ಎಂದು ನನ್ನ ಬಾಯಿಂದಲೇ ಬಂತು. ಅವರು ಕೈ ಕೊಸರಿಕೊಂಡು, “ನಿಂಗೇನು ತಲೆ ಕೆಟ್ಟೈತಾ?” ಎಂದು ಬೈದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸ್ಥಳ ಮಹಜರು. ಘಟನೆ ನಡೆದ ಜಾಗಕ್ಕೆ ಪೊಲೀಸರು ಬಂದು, ಕಂಡದ್ದನ್ನು ಬರೆದುಕೊಂಡು, ಊರಿನ ಇಬ್ಬರು ಪಂಚರಿಂದ, ಅಂದರೆ ಸಾಕ್ಷಿಗಳಿಂದ, ಸಹಿ ಹಾಕಿಸಿಕೊಳ್ಳಬೇಕು. ಮುರುಗೇಶ್ ಇಬ್ಬರು ಪೇದೆಗಳ ಜೊತೆ ಬಂದರು. ಮಂಟಪದ ಗೇಟಿನಲ್ಲಿ ಚಿಕ್ಕಬೈರಪ್ಪ ಕೈ ಕಟ್ಟಿ ನಿಂತಿದ್ದ, ಹಿಂದೆ ನಿರಂಜನ್ ತಲೆ ತಗ್ಗಿಸಿ ನಿಂತಿದ್ದ. ನೋಡಲು ಅರ್ಧ ಊರೇ ಸೇರಿತ್ತು. ಸಹಿ ಹಾಕಿ ಎಂದು ಕೇಳಿದಾಗ ಮಾತ್ರ ಎಲ್ಲರಿಗೂ ಏನೇನೋ ಕೆಲಸ ನೆನಪಾಯಿತು. ಒಬ್ಬನಿಗೆ ಗ್ಯಾಸ್ ಬರುವ ಹೊತ್ತು, ಇನ್ನೊಬ್ಬನಿಗೆ ಕನ್ನಡಕ ಮನೆಯಲ್ಲಿ. ಕೊನೆಗೆ ಅಂಜಿನಮ್ಮನ ಹತ್ತಿರ ಹಾಲು ತೆಗೆದುಕೊಳ್ಳುತ್ತಿದ್ದ ರಾಧಾಮಣಿ ಟೀಚರ್ ಗುಂಪನ್ನು ಸೀಳಿಕೊಂಡು ಬಂದರು. “ನಾನು ಹಾಕ್ತೀನಿ. ಇವರೂ ಹಾಕ್ತಾರೆ” ಎಂದು ಗಂಡನನ್ನೂ ತೋಳು ಹಿಡಿದು ಎಳೆದುಕೊಂಡು ನಿಲ್ಲಿಸಿದರು. ಪಾಪ, ಆ ಮನುಷ್ಯ ತರಕಾರಿ ಚೀಲ ಹಿಡಿದುಕೊಂಡೇ ಪಂಚನಾದರು.

“ಅಮ್ಮ, ಆ ದಿನ ನೀವು ಹೇಗೆ ನಡ್ಕೊಂಡು ಬಂದ್ರಿ ಅಂತ ತೋರಿಸಿ” ಎಂದರು ಮುರುಗೇಶ್.

“ನಂಗೆ ಕಾಲಿಲ್ಲ ಸ್ವಾಮಿ. ನೀವು ನಡೀರಿ, ನಾನು ಇಲ್ಲಿಂದ ಅಂತೀನಿ.”

ಮುರುಗೇಶ್ ಮುಖ ಗಂಟಿಕ್ಕಿದರೂ ನಡೆದರು. ಫುಟ್‌ಪಾತಿನ ಕಲ್ಲುಗಳ ಮೇಲೆ ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಜನರೇಟರ್ ಬಂತು. ನಿಂತರು.

“ಮುಂದೆ?”

“ಮುಂದೆ ಓಗಿ ಸ್ವಾಮಿ.”

ಅವರು ಗೋಡೆ ನೋಡಿದರು, ಜನರೇಟರ್ ನೋಡಿದರು. ರಸ್ತೆ ಕಡೆ ತಿರುಗಿ ಒಂದು ಕಾಲು ಕೆಳಗಿಟ್ಟರು. ಆ ಕ್ಷಣಕ್ಕೆ ಹೆಬ್ಬಾಳದ ಕಡೆಯಿಂದ ಬಂದ ಟೆಂಪೋ ಒಂದು ಕಿವಿ ಕಿತ್ತು ಹೋಗುವಂತೆ ಹಾರ್ನ್ ಬಾರಿಸಿ ಅವರ ತೋಳಿನ ಪಕ್ಕದಲ್ಲೇ ನುಗ್ಗಿತು. ಮುರುಗೇಶ್ ಹಾರಿ ಹಿಂದಕ್ಕೆ ಬಂದರು, ಟೋಪಿ ಬಿತ್ತು. ಯಾರೋ ಕಿಸಕ್ಕೆಂದರು.

ಟೋಪಿ ಎತ್ತಿಕೊಂಡು ಧೂಳು ಒರೆಸಿದರು. “ಬರ್ಕೋ” ಎಂದರು ಪೇದೆಗೆ. “ಪಾದಚಾರಿ ಮಾರ್ಗವನ್ನು ಜನರೇಟರ್ ಪೂರ್ತಿ ಆಕ್ರಮಿಸಿದ್ದು, ನಡೆದು ಬರುವವರಿಗೆ ರಸ್ತೆಗೆ ಇಳಿಯದೆ ಬೇರೆ ದಾರಿ ಇರುವುದಿಲ್ಲ. ಬರ್ಕೊಂಡ್ಯಾ? ಓದು.” ಪೇದೆ ಓದಿದ. ಆಮೇಲೆ ಚಿಕ್ಕಬೈರಪ್ಪನ ಕಡೆ ತಿರುಗಿ, “ಇದು ಇವತ್ತೇ ಇಲ್ಲಿಂದ ಎದ್ದರೆ ಸರಿ, ಇಲ್ಲ ಅಂದ್ರೆ ದಾರಿಗೆ ಅಡ್ಡಿ ಮಾಡಿದ್ದಕ್ಕೆ ನಿಮ್ಮ ಹೆಸರೂ ಸೇರುತ್ತೆ” ಎಂದರು.

ಚಿಕ್ಕಬೈರಪ್ಪನಿಗೆ ಅಷ್ಟು ಜನರ ಮುಂದೆ ಅವಮಾನವಾಯಿತು. ಮೀಸೆ ಅದುರುತ್ತಿತ್ತು. ಪೊಲೀಸರಿಗೆ ಏನೂ ಅನ್ನಲಾಗದೆ ಅಕ್ಕನ ಮೇಲೆ ತಿರುಗಿದ.

“ಎಲ್ರೂ ಕೇಳಿಸ್ಕೊಳ್ಳಿ. ಇವತ್ತಿಂದ ಇವಳು ನಮ್ಮಕ್ಕ ಅಲ್ಲ. ನಮಗೂ ಇವಳಿಗೂ ಸಂಬಂಧ ಇಲ್ಲ. ತವರು ಅಂತ ಇನ್ನು ನಮ್ಮನೆ ಬಾಗಿಲಿಗೆ ಬರಕೂಡದು.”

ಅಂಜಿನಮ್ಮ ಎರಡೂ ಕೈಯಲ್ಲಿ ವಾಕರ್ ಬಿಗಿಹಿಡಿದರು. ಬಿದ್ದೇಬಿಡುತ್ತಾರೆಂದು ನಾನು ಹತ್ತಿರ ಹೋದರೆ, ಮೊಣಕೈಯಿಂದ ನನ್ನನ್ನು ತಳ್ಳಿದರು.

ಮುರುಗೇಶ್‌ಗೂ ಮುಜುಗರವಾಗಿರಬೇಕು. ಬೇಗ ಮುಗಿಸುವ ಆತುರದಲ್ಲಿ ಕಾಗದ ನೋಡುತ್ತಲೇ ಕೇಳಿದರು. “ಇದೊಂದು ಬಾಕಿ ಇದೆ. ಕಾರು ಓಡಿಸಿದ ನಿರಂಜನ್ ನಿಮಗೆ ಏನಾಗಬೇಕು ಅಮ್ಮ? ಏನೂ ಆಗಬೇಕಾಗಿಲ್ಲ ಅಂತ ಬರೆಯಲಾ?”

“ಯಾಕೆ ಅಂಗೆ ಬರೀತೀರಾ?” ಅಂಜಿನಮ್ಮನ ದನಿ ಗೇಟಿನವರೆಗೂ ಕೇಳಿಸಿತು. “ನನ್ನ ತಮ್ಮನ ಮಗ ಅವನು. ನಾನು ಅವನ ಸೋದರತ್ತೆ. ಬ್ಯಾಡ ಅಂತ ಇವನು ಅಂದ್ರೆ ಓಗೋ ಸಂಬಂಧ ಅಲ್ಲ ಇದು. ನನ್ನ ತಮ್ಮನ ಮಗ ಕಾರು ಅತ್ತಿಸಿದ, ಅಂಗಂತಲೇ ಬರ್ಕೊಳಿ ಸ್ವಾಮಿ.”

ಮುರುಗೇಶ್ ಹಾಗೆಯೇ ಬರೆದುಕೊಂಡರು.